ಫರ್ಮಾ

ಡಾಕ್ಟರು ಜೀನ್ ಅಂದಾಗ
ನನ್ನ ಕೈ ತಾನಾಗಿ ತೊಡೆಯ ಮೇಲೆ ಹೋಯಿತು,
ದಾರ ಅಂಟಿದೆಯೇನೋ ಎಂದು.
ಕೌಲ್ ಬಜಾರಿನವರಿಗೆ ಅದಕ್ಕೊಂದೇ ಅರ್ಥ:
ಎರಡು ಕಾಲು, ಐದು ಜೇಬು, ಒಂದು ಜಿಪ್ಪು,
ಪೀಸಿಗೆ ಹದಿನೆಂಟು ರೂಪಾಯಿ.

ಅವರು ನಗಲಿಲ್ಲ.
ಹಾಳೆಯ ಹಿಂದೆ ಎರಡು ಗೆರೆ ಎಳೆದು
ಇದು ಅಪ್ಪ ಕೊಟ್ಟದ್ದು, ಇದು ಅವ್ವ ಕೊಟ್ಟದ್ದು ಅಂದರು.
ಎರಡಕ್ಕೂ ಒಂದೇ ಕೆಲಸ.
ಒಳಗೆ ಎಳೆ ಹರಿದಲ್ಲಿ ರಫೂ ಮಾಡುವುದು,
ತಪ್ಪಿದ ಪೀಸನ್ನು ಮುಂದಕ್ಕೆ ಬಿಡದಿರುವುದು.

ನಮ್ಮಲ್ಲಿ ಆ ಕೆಲಸ ಹುಲಿಗೆಮ್ಮನದು.
ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು
ಒಂದೊಂದು ಪ್ಯಾಂಟನ್ನೂ ಒಳಮೈ ತಿರುವಿ
ಉಗುರಿನಿಂದ ಹೊಲಿಗೆ ಗೀರುತ್ತಾಳೆ.
ಅವಳು ರಜೆ ಹಾಕಿದ ವಾರ
ಸೊಲ್ಲಾಪುರದಿಂದ ಲೋಡೇ ವಾಪಸು ಬಂದಿತ್ತು.

"ಹಂಗಾ ತಿಳ್ಕೊರ್ರಿ," ಅಂದರು ಡಾಕ್ಟರು.
"ಮೈಯಾಗ ಇಬ್ರು ಹುಲಿಗೆಮ್ಮ ಇರಬೇಕು.
ನಿಮ್ಮಲ್ಲಿ ಒಬ್ಬಾಕಿಗೆ ಹುಟ್ಟಾ ಕಣ್ಣು ಕಾಣದೆ ಇರಬಹುದು,
ರಕ್ತ ನೋಡಿದ್ರ ಗೊತ್ತಾಕ್ಕೈತಿ.
ಇನ್ನೊಬ್ಬಾಕಿ ದುಡೀತಿರ್ತಾಳ.
ಎಲ್ಲೋ ಒಂದು ಕಣದಾಗ ಆಕಿನೂ ತೂಕಡಿಸಿದ್ರ..."
ಮುಂದಿನದನ್ನು ಹೇಳಲಿಲ್ಲ.
ಮಂದಾಕ್ಕನ ಹಳೇ ಫೈಲು ಮೇಜಿನ ಮೇಲೆಯೇ ಇತ್ತು.

ಮಂದಾಕ್ಕ ಮೂವತ್ತೆಂಟಕ್ಕೆ ಹೋದಳು.
ಎಡಗಡೆ ಏನೋ ಕಡಲೆಕಾಳಿನಷ್ಟು ಅಂದಿದ್ದಳು,
ದೀಪಾವಳಿ ಆರ್ಡರು ಮುಗಿಯಲಿ ಅಂದಿದ್ದಳು.
ಮಣ್ಣು ಮಾಡಿ ಬಂದ ದಿನ ಅಜ್ಜಿ, ಅಪ್ಪನ ತಾಯಿ,
ಓಣಿಗೆಲ್ಲ ಕೇಳುವ ಹಾಗೆ
"ಇದು ತಾಯಿ ಕಡೆ ಹಾಲಿನ ಕೇಡು" ಅಂದಳು.
ಅಡುಗೆ ಮನೆಗೆ ಹೋದ ಅವ್ವ
ಹನ್ನೊಂದು ವರ್ಷ ಹೊರಗೆ ಬರಲಿಲ್ಲ ಅನ್ನಬೇಕು.
ಯಾರ ಮನೆ ಕೂಸನ್ನೂ ಎತ್ತಿಕೊಳ್ಳಲಿಲ್ಲ.

ನನ್ನ ರಕ್ತ ಹೈದರಾಬಾದಿಗೆ ಹೋಗಿ
ಇಪ್ಪತ್ತಾರು ದಿನಕ್ಕೆ ಪಾಸಿಟಿವ್ ಎಂದು ಬಂತು.
ಒಳ್ಳೆ ಸುದ್ದಿಯ ಹೆಸರಿಟ್ಟುಕೊಂಡೇ ಬರುತ್ತದೆ ಇದು.
ಆಮೇಲೆ ಅವ್ವನದು.
ಆಮೇಲೆ ಅಪ್ಪನದು.
ಅವ್ವನ ಹಾಳೆ ಸ್ವಚ್ಛ.
ಅಪ್ಪನದರಲ್ಲಿ ಅದೇ ತಪ್ಪು, ಅದೇ ಜಾಗ,
ಒಂದಕ್ಷರ ಬಿಟ್ಟುಹೋದದ್ದು.

"ಗಂಡಸರಿಗೂ ಇರ್ತೈತೇನ್ರಿ?" ಅಂದ ಅಪ್ಪ.
"ಇರ್ತೈತಿ. ನಿಮಗೆ ಅಕ್ಕ, ತಂಗಿ?"
ಗೋದೂ ಅತ್ತೆ. ಆದೋನಿಗೆ ಕೊಟ್ಟದ್ದು.
ಎದೆಹುಣ್ಣು ಎಂದು ಕಾಗದ ಬಂದಿತ್ತು,
ಅಜ್ಜಿ ಅದನ್ನು ಓದಿಸಿ ಕೇಳಿ
ಗೂಡಿನಲ್ಲಿಟ್ಟು, ಮರೆತಳು.

ಅಪ್ಪ ನಲವತ್ತು ವರ್ಷದ ಕಟಿಂಗ್ ಮಾಸ್ಟರು.
ನೂರು ಪದರ ಬಟ್ಟೆ ಹಾಸಿ, ಮೇಲೆ ರಟ್ಟಿನ ಫರ್ಮಾ ಇಟ್ಟು
ಸುಣ್ಣದ ಗೆರೆ ಎಳೆದನೆಂದರೆ
ಮಿಷನ್ನು ಒಂದೇ ಉಸಿರಿಗೆ ಕೊಯ್ಯುತ್ತದೆ.
ಫರ್ಮಾ ಕಾಲಿಂಚು ಸರಿದರೆ ನೂರೂ ಸರಿಯುತ್ತವೆ,
ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.
ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು
ನೀಲಿ ಹತ್ತಿದ ಉಗುರು ನೋಡಿಕೊಂಡ.
ದೂರದಲ್ಲಿ ಕೋಟೆ ಗುಡ್ಡ ಕಾದು ನಿಂತಿತ್ತು.
"ಈ ಫರ್ಮಾ ಯಾರು ಮಾಡಿದ್ದು" ಅಂದ,
ನಮ್ಮನ್ನು ಕೇಳಿದ್ದಲ್ಲ.

ಅವ್ವ ಗೆದ್ದ ಮುಖ ಮಾಡಲಿಲ್ಲ.
ಚೀಲದಿಂದ ನೀರಿನ ಬಾಟಲಿ ತೆಗೆದು ಅವನಿಗೆ ಕೊಟ್ಟಳು.
ಆಟೋದಲ್ಲಿ, ರಾಯಲ್ ಸರ್ಕಲ್ ದಾಟಿದ ಮೇಲೆ, ಒಂದೇ ಮಾತು:
"ತಾನಾ ಕೊಟ್ಟೆ ಅನ್ಕೊಂಡಾ ಸತ್ಲು ನಮ್ಮವ್ವ.
ಆಕಿಗೆ ಹೇಳಬೇಕಿತ್ತು."
ಸಂಜೆ ಪಕ್ಕದ ಮನೆಯ ಕೂಸನ್ನು
ಕೇಳಿ ಇಸಿದುಕೊಂಡಳು.

ನೂರರಲ್ಲಿ ಎಪ್ಪತ್ತು ಎನ್ನುತ್ತಾರೆ.
ಉಳಿದ ಮೂವತ್ತು ಜನ ಯಾರೆಂದು ಹೇಳುವುದಿಲ್ಲ.
ಪ್ರತಿ ವರ್ಷ ಸ್ಕ್ಯಾನ್ ಮಾಡಿಸಬೇಕು, ಇಲ್ಲ
ಎರಡನ್ನೂ ಮೊದಲೇ ತೆಗೆಸಬಹುದು, ವಿಚಾರ ಮಾಡಿ ಅಂದಿದ್ದಾರೆ.
ಮಾಡುತ್ತಿದ್ದೇನೆ, ಜಿಪ್ಪು ಕೂಡಿಸುತ್ತ.

ಮಗಳಿಗೆ ಹತ್ತೊಂಬತ್ತು.
ಬಂದಿರಬಹುದು, ಬರದೆಯೂ ಇರಬಹುದು, ಸಮಸಮ.
ನಿನ್ನೆ ಅವಳ ಅಳತೆಯದೊಂದು ಪೀಸು ತಂದುಕೊಟ್ಟೆ.
ಹಾಕಿಕೊಳ್ಳುವ ಮೊದಲು ಅವಳು
ಅದರ ಒಳಮೈ ತಿರುವಿ, ಬೆಳಕಿಗೆ ಹಿಡಿದು,
ಉಗುರಿನಿಂದ ಹೊಲಿಗೆ ಗೀರಿ ನೋಡಿದಳು.

ನಾನು ಹೇಳಿಕೊಟ್ಟದ್ದಲ್ಲ ಅದು.